ಥಾಮಸ್ ಜೆಫರ್ಸನ್: ಹೊರಗೆ ಸ್ವಾತಂತ್ರ್ಯದ ಘೋಷಣೆ, ಮನೆಯಲ್ಲಿ ಗುಲಾಮರು. ಇವನನ್ನು ಹೇಗೆ ನೋಡಬೇಕು?

ವರ್ಜೀನಿಯಾ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. ನಾವಿರುವುದು ಅವನ ಊರಾದ ಷಾರ್ಲಟ್ಸ್‌ವಿಲ್‌ಗೆ ಹತ್ತಿರ. ಊರಿಂದ ನೆಂಟರು ಬಂದಾಗ ಬೆಟ್ಟದ ಮೇಲಿನ ಅವನ ಮನೆ ಮಾಂಟಿಚೆಲ್ಲೊ ತೋರಿಸುತ್ತೇವೆ. ವಾಪಸ್ ಬರುವಾಗ ಕಾರಿನಲ್ಲಿ ಒಂದೇ ವಾದ. "ದೊಡ್ಡವರ ಮನೆ ವಿಷಯ ನಮಗ್ಯಾಕೆ? ದೇಶಕ್ಕೆ ಏನು ಮಾಡಿದ ಅಷ್ಟು ನೋಡಿದರೆ ಸಾಕು." ಈ ಮಾತನ್ನು ನನಗೆ ಒಪ್ಪಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಅವನ ಸಾಧನೆ. ಅದನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. 1776ರಲ್ಲಿ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದಾಗ ಅವನಿಗೆ 33 ವರ್ಷ. ಎಲ್ಲ ಮನುಷ್ಯರೂ ಸಮಾನರು, ಬದುಕುವ ಮತ್ತು ಸ್ವತಂತ್ರವಾಗಿರುವ ಹಕ್ಕನ್ನು ಯಾರೂ ಕಿತ್ತುಕೊಳ್ಳಲಾಗದು ಅಂತ ಅದರಲ್ಲಿ ಬರೆದ. 1786ರಲ್ಲಿ ವರ್ಜೀನಿಯಾದಲ್ಲಿ ಪಾಸಾದ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆಯೂ ಅವನ ಕರಡೇ. ಯಾರನ್ನೂ ಚರ್ಚಿಗೆ ಬಲವಂತವಾಗಿ ಕರೆಯುವಂತಿಲ್ಲ, ಚರ್ಚಿಗಾಗಿ ಹಣ ಕೀಳುವಂತಿಲ್ಲ ಅನ್ನುತ್ತದೆ ಅದು. ಈ ಕಾಯ್ದೆಯ ರಕ್ಷಣೆ ಯೆಹೂದಿಗಳಿಗೂ ಮುಸ್ಲಿಮರಿಗೂ ಹಿಂದೂಗಳಿಗೂ ಸೇರುತ್ತದೆ ಅಂತ ಅವನು ತನ್ನ ಆತ್ಮಕಥೆಯಲ್ಲಿ ಹೆಸರು ಹಿಡಿದು ಬರೆದಿದ್ದಾನೆ. ಇವತ್ತು ಇದೇ ರಾಜ್ಯದಲ್ಲಿ ದೇವಸ್ಥಾನಕ್ಕೆ ಹೋಗಿಬರುವ ನಮ್ಮಂಥವರು ಅದನ್ನು ಮರೆಯಬಾರದು. ಅಧ್ಯಕ್ಷನಾದ ಮೇಲೆ, 1803ರಲ್ಲಿ, ನೆಪೋಲಿಯನ್‌ನಿಂದ ಲೂಸಿಯಾನಾ ಪ್ರದೇಶವನ್ನು 1.5 ಕೋಟಿ ಡಾಲರಿಗೆ ಕೊಂಡ. ದೇಶದ ವಿಸ್ತೀರ್ಣ ಹೆಚ್ಚುಕಡಿಮೆ ಎರಡರಷ್ಟಾಯಿತು. ಕಡೆಗಾಲದಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯ ಕಟ್ಟಿದ. ಕಟ್ಟಡಗಳ ನಕ್ಷೆ ಕೂಡ ಅವನದೇ.

ಈಗ ಮನೆ. ಬದುಕಿನುದ್ದಕ್ಕೂ ಅವನು 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಅವರಲ್ಲಿ ತಾನು ಬದುಕಿರುವಾಗ ಕಾಗದಪತ್ರ ಮಾಡಿ ಬಿಡುಗಡೆ ಮಾಡಿದ್ದು ಇಬ್ಬರನ್ನು. ಉಯಿಲಿನಲ್ಲಿ ಇನ್ನೈದು ಜನರನ್ನು. ಅವರಲ್ಲಿ ಇಬ್ಬರು ಮ್ಯಾಡಿಸನ್ ಮತ್ತು ಎಸ್ಟನ್. ತನ್ನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳಲ್ಲಿ ಅವನಿಗೆ ಹುಟ್ಟಿದ ಮಕ್ಕಳು. ಕಾನೂನಿನ ಪ್ರಕಾರ ಸ್ವಂತ ಮಕ್ಕಳೇ ಅವನ ಆಸ್ತಿಯಾಗಿದ್ದರು.

ಇದು ಖಾಸಗಿ ವಿಷಯವೇ? ಅವನು ಕುಳಿತು ಪತ್ರ ಬರೆದ ಮೇಜನ್ನು ಒರೆಸಿದವರು, ಗದ್ದೆ ಗೇಯ್ದವರು, ಇಟ್ಟಿಗೆ ಸುಟ್ಟವರು, ಮಕ್ಕಳನ್ನು ಸಾಕಿದವರು ಆ ಜನ. ಬರೆಯಲು ಅವನಿಗೆ ಸಿಕ್ಕ ಬಿಡುವು ಅವರಿಂದ ಕಿತ್ತುಕೊಂಡದ್ದು. ಮನೆಯ ವಿಷಯ ಅಂತ ಬೇರೆ ಇಡಲು ಬರುವುದಿಲ್ಲ ಅನ್ನುವುದು ನನ್ನ ವಾದ. ನೀವೇನು ಹೇಳುತ್ತೀರಿ?

ಧಾರವಾಡ ಮಾಸ್ತರ

ತಂಗಿ, ಚೆನ್ನಾಗಿ ಬರೆದಿದ್ದೀರಿ. ಮೂವತ್ತು ಚಿಲ್ಲರೆ ವರ್ಷ ಇತಿಹಾಸ ಪಾಠ ಹೇಳಿದವನು ನಾನು. ಸ್ವಲ್ಪ ಎದುರು ವಾದ ಮಾಡುತ್ತೇನೆ.

ಒಬ್ಬ ಮನುಷ್ಯನನ್ನು ಅವನ ಕಾಲದಲ್ಲಿ ನಿಲ್ಲಿಸಿ ನೋಡಬೇಕು. ಜೆಫರ್ಸನ್ ಅವರು 1743ರಲ್ಲಿ ಗುಲಾಮರಿದ್ದ ಮನೆಯಲ್ಲೇ ಹುಟ್ಟಿದರು. ಮಾವ ಜಾನ್ ವೇಲ್ಸ್ ತೀರಿಕೊಂಡಾಗ 135 ಗುಲಾಮರ ಜೊತೆಗೆ ಬೆಟ್ಟದಷ್ಟು ಸಾಲವೂ ಇವರ ತಲೆಗೆ ಬಂತು. ಸಾಲಗಾರನು ಗುಲಾಮರನ್ನು ಬಿಡುಗಡೆ ಮಾಡಿದರೂ ಸಾಲ ಕೊಟ್ಟವರು ಅವರನ್ನು ವಶಪಡಿಸಿಕೊಳ್ಳಬಹುದಿತ್ತು. 1806ರ ನಂತರ ಬಿಡುಗಡೆಯಾದವರು ಒಂದು ವರ್ಷದೊಳಗೆ ರಾಜ್ಯ ಬಿಟ್ಟು ಹೋಗಬೇಕೆಂಬ ಕಾನೂನೂ ಬಂತು.

ಅವರು ಸುಮ್ನೆ ಕೂತವರೂ ಅಲ್ಲ. ಘೋಷಣೆಯ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ, ಅದರ ಹೊಣೆಯನ್ನು ಇಂಗ್ಲೆಂಡಿನ ರಾಜನ ಮೇಲೆ ಹೊರಿಸಿ ಒಂದು ಪ್ಯಾರಾ ಬರೆದಿದ್ದರು. ಕಾಂಗ್ರೆಸ್ ಅದನ್ನು ಹೊಡೆದು ಹಾಕಿತು. 1784ರಲ್ಲಿ, ಪಶ್ಚಿಮದ ಹೊಸ ಪ್ರಾಂತ್ಯಗಳಲ್ಲಿ 1800ರ ನಂತರ ಗುಲಾಮಗಿರಿ ಇರಕೂಡದು ಎಂದು ಪ್ರಸ್ತಾಪ ಮಾಡಿದರು. ಅದು ಬಿದ್ದದ್ದು ಒಂದೇ ಮತದ ಕೊರತೆಯಿಂದ. ಅಧ್ಯಕ್ಷರಾಗಿ 1807ರಲ್ಲಿ, ಹೊರದೇಶದಿಂದ ಗುಲಾಮರನ್ನು ತರುವುದನ್ನು ನಿಷೇಧಿಸುವ ಕಾಯ್ದೆಗೆ ಸಹಿ ಹಾಕಿದರು. 1808ರ ಜನವರಿ 1ರಿಂದ ಅದು ಜಾರಿಗೆ ಬಂತು. ಇವೆಲ್ಲ ಸಣ್ಣ ಕೆಲಸಗಳಲ್ಲ. ಎರಡು ನೂರು ವರ್ಷ ಆದ ಮೇಲೆ ನಾವು ಕುರ್ಚಿಯಲ್ಲಿ ಕೂತು ತೀರ್ಪು ಕೊಡುವುದು ಸುಲಭ.

ಕರಾವಳಿ ವಕೀಲ

ಮಾಸ್ತರರೇ, "ಕಾಲ ಹಾಗಿತ್ತು" ಅನ್ನುವ ವಾದಕ್ಕೆ ನಾನು ಉತ್ತರಿಸುತ್ತೇನೆ. ಇವತ್ತಿನ ಅಳತೆಗೋಲು ನನಗೂ ಬೇಡ. ಅವನ ಕಾಲದ್ದನ್ನೇ ತಗೊಳ್ಳೋಣ. ಅವನ ಅಕ್ಕಪಕ್ಕದ ಜನ ಏನು ಮಾಡಿದರು?

1782ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿತು. ಯಜಮಾನ ಸರ್ಕಾರದ ಅಪ್ಪಣೆ ಕೇಳದೆ ತನ್ನ ಗುಲಾಮರನ್ನು ಬಿಡುಗಡೆ ಮಾಡಬಹುದು ಅಂತ. 1806ರ ಕಾನೂನು ಬರುವವರೆಗೆ 24 ವರ್ಷ ಆ ಬಾಗಿಲು ತೆರೆದೇ ಇತ್ತು. ರಾಬರ್ಟ್ ಕಾರ್ಟರ್ ಎಂಬ ದೊಡ್ಡ ಜಮೀನುದಾರ 1791ರಲ್ಲಿ ಪತ್ರ ಮಾಡಿ ಸುಮಾರು 500 ಜನರನ್ನು ಹಂತಹಂತವಾಗಿ ಬಿಡುಗಡೆ ಮಾಡಲು ಶುರುಮಾಡಿದ. ವಾಷಿಂಗ್ಟನ್ ಕೂಡ ಬದುಕಿದ್ದಾಗ ಗುಲಾಮರನ್ನು ಬಿಡಲಿಲ್ಲ, ನಿಜ. ಆದರೆ 1799ರ ಉಯಿಲಿನಲ್ಲಿ ತನ್ನ ಸ್ವಂತದ 123 ಜನರ ಬಿಡುಗಡೆಗೆ ಬರೆದಿಟ್ಟ.

ನನ್ನನ್ನು ಜಾಸ್ತಿ ಕಾಡುವುದು ಎಡ್ವರ್ಡ್ ಕೋಲ್ಸ್ ಕಥೆ. ಇವನು ಜೆಫರ್ಸನ್‌ನ ನೆರೆಯವನು. ಅದೇ ಆಲ್ಬೆಮಾರ್ಲ್ ಕೌಂಟಿಯ ಶ್ರೀಮಂತ ಮನೆತನದ ಹುಡುಗ. ಅಧ್ಯಕ್ಷ ಮ್ಯಾಡಿಸನ್‌ಗೆ ಕಾರ್ಯದರ್ಶಿಯಾಗಿದ್ದ. 1814ರ ಜುಲೈನಲ್ಲಿ, 27ನೇ ವಯಸ್ಸಿನಲ್ಲಿ, ಜೆಫರ್ಸನ್‌ಗೆ ಒಂದು ಪತ್ರ ಬರೆದ. ಗುಲಾಮಗಿರಿ ಕೊನೆಗೊಳಿಸುವ ಯೋಜನೆ ಒಂದನ್ನು ನೀವು ಮುಂದಿಡಿ, ನಿಮ್ಮ ಮಾತಿಗಿರುವ ತೂಕ ಬೇರೆ ಯಾರ ಮಾತಿಗೂ ಇಲ್ಲ ಅಂತ ಬೇಡಿಕೊಂಡ. ತಾನಂತೂ ತನ್ನ ಪಾಲಿಗೆ ಬಂದ ಗುಲಾಮರನ್ನು ಬಿಡುಗಡೆ ಮಾಡಲು ರಾಜ್ಯವನ್ನೇ ಬಿಟ್ಟು ಹೋಗುತ್ತೇನೆ ಅಂತಲೂ ಹೇಳಿದ.

ಜೆಫರ್ಸನ್ ಆಗಸ್ಟ್‌ನಲ್ಲಿ ಉತ್ತರ ಬರೆದ. ನಿನ್ನ ಭಾವನೆ ಒಳ್ಳೆಯದು, ಆದರೆ ಇದು ಯುವಕರು ಮಾಡಬೇಕಾದ ಕೆಲಸ, ನನಗೆ ವಯಸ್ಸಾಯಿತು ಎಂದ. ಅದರ ಜೊತೆಗೇ, ನೀನು ನಿನ್ನ ಗುಲಾಮರನ್ನೂ ಊರನ್ನೂ ಬಿಟ್ಟು ಹೋಗಬೇಡ ಅಂತ ಬುದ್ಧಿ ಹೇಳಿದ. ಕೋಲ್ಸ್ ಬಿಡಲಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ ನಿಮಗಿಂತ ವಯಸ್ಸಾದ ಮೇಲೂ ಇಂಥ ಕೆಲಸ ಮಾಡಿದರಲ್ಲ ಅಂತ ಮರುಪತ್ರ ಬರೆದ.

1819ರಲ್ಲಿ ಕೋಲ್ಸ್ ಹೊರಟೇಬಿಟ್ಟ. ತನ್ನ ಗುಲಾಮರನ್ನು ದೋಣಿಗಳಲ್ಲಿ ಕೂರಿಸಿಕೊಂಡು ಓಹಾಯೋ ನದಿಯಲ್ಲಿ ಸಾಗುವಾಗ, ನೀವೆಲ್ಲ ಈಗ ಸ್ವತಂತ್ರರು ಅಂತ ಹೇಳಿದ. ಇಲಿನಾಯ್ ತಲುಪಿದ ಮೇಲೆ ಒಂದೊಂದು ಸಂಸಾರಕ್ಕೆ 160 ಎಕರೆ ಜಮೀನು ಕೊಟ್ಟ. 1822ರಲ್ಲಿ ಅಲ್ಲಿ ಗವರ್ನರ್ ಆಗಿ ಆರಿಸಿ ಬಂದ. ಆ ರಾಜ್ಯದಲ್ಲಿ ಗುಲಾಮಗಿರಿಗೆ ದಾರಿ ಮಾಡಲು ಹೊರಟವರ ವಿರುದ್ಧ ಹೋರಾಡಿ 1824ರ ಮತದಾನದಲ್ಲಿ ಗೆದ್ದ.

ಅದೇ ಕಾಲ, ಅದೇ ಜಿಲ್ಲೆ, ಅದೇ ವರ್ಗ. ಹಾಗಾಗಿ ಕಾಲದ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸು ಬರುವುದಿಲ್ಲ.

ಶಿರಸಿ ಹುಡುಗಿ

ವಕೀಲರೇ, ಕೋಲ್ಸ್ ಬಗ್ಗೆ ನಾನು ಕೇಳಿಯೇ ಇರಲಿಲ್ಲ! ತುಂಬಾ ಥ್ಯಾಂಕ್ಸ್. ಇವನ ಹೆಸರು ನಮ್ಮ ಪುಸ್ತಕಗಳಲ್ಲಿ ಯಾಕಿಲ್ಲ?

ಒಂದು ಪ್ರಶ್ನೆ. ಜೆಫರ್ಸನ್‌ಗೆ ಸಾಲ ಇತ್ತು ಅಂತ ಮಾಸ್ತರರು ಹೇಳಿದರು. ಹಣ ಇದ್ದಿದ್ದರೆ ಬಿಡುತ್ತಿದ್ದನೇ?

ಕರಾವಳಿ ವಕೀಲ

ಆ ಪ್ರಶ್ನೆ ಅವನ ಮುಂದೆ ನಿಜವಾಗಿಯೂ ಬಂದಿತ್ತು.

ತಾದೆಯುಷ್ ಕೊಷ್ಚುಷ್ಕೊ ಅಂತ ಪೋಲೆಂಡಿನ ಒಬ್ಬ ಸೇನಾಧಿಕಾರಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಎಂಜಿನಿಯರ್ ಆಗಿ ಹೋರಾಡಿದವನು, ಜೆಫರ್ಸನ್‌ಗೆ ಆಪ್ತ ಗೆಳೆಯ. 1798ರಲ್ಲಿ ಯುರೋಪಿಗೆ ಹೊರಡುವ ಮುಂಚೆ ಒಂದು ಉಯಿಲು ಬರೆದು ಜೆಫರ್ಸನ್ ಕೈಗೆ ಕೊಟ್ಟ. ಅಮೆರಿಕದಲ್ಲಿ ನನಗೆ ಬರಬೇಕಾದ ಹಣದಿಂದ ಗುಲಾಮರನ್ನು ಕೊಂಡು ಬಿಡುಗಡೆ ಮಾಡು, ಅವರಿಗೆ ಓದು ಮತ್ತು ಕಸುಬು ಕಲಿಸು ಅಂತ. ಜೆಫರ್ಸನ್‌ನ ಸ್ವಂತ ಗುಲಾಮರನ್ನೂ ಈ ಹಣದಿಂದ ಬಿಡಿಸಬಹುದು ಅಂತ ಅದರಲ್ಲೇ ಬರೆದಿದೆ. ಅಂದರೆ ಬಿಡುಗಡೆಯೂ ಆಗುತ್ತದೆ, ಯಜಮಾನನಿಗೆ ಬೆಲೆಯೂ ಸಿಗುತ್ತದೆ.

ಕೊಷ್ಚುಷ್ಕೊ 1817ರಲ್ಲಿ ತೀರಿಕೊಂಡ. ಉಯಿಲನ್ನು ಜಾರಿ ಮಾಡಬೇಕಿದ್ದ ಜೆಫರ್ಸನ್ 1819ರಲ್ಲಿ, ಇದು ನನ್ನಿಂದಾಗದು ಅಂತ ಕೈತೊಳೆದುಕೊಂಡ. ಯುರೋಪಿನಲ್ಲಿ ಬರೆದ ಬೇರೆ ಉಯಿಲುಗಳೂ ಇದ್ದವು, ತಕರಾರು ಬರುವುದಿತ್ತು, ಅವನಿಗೆ ವಯಸ್ಸು 75 ದಾಟಿತ್ತು. ವಕೀಲನಾಗಿ ಆ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಗೆಳೆಯ ನಂಬಿ ಕೈಗೆ ಕೊಟ್ಟಿದ್ದು ಅಲ್ವಾ? ತಾನೇ ನಿಂತು ಅದನ್ನು ನಡೆಸಲಿಲ್ಲ. ಕೇಸು ಕೋರ್ಟಿನಿಂದ ಕೋರ್ಟಿಗೆ ಅಲೆದು, 1852ರಲ್ಲಿ ಸುಪ್ರೀಂ ಕೋರ್ಟ್ ಹಣವನ್ನು ಯುರೋಪಿನ ಸಂಬಂಧಿಕರಿಗೆ ಕೊಟ್ಟಿತು. ಆ ಹಣದಿಂದ ಒಬ್ಬನೇ ಒಬ್ಬ ಮನುಷ್ಯನಿಗೂ ಬಿಡುಗಡೆ ಸಿಗಲಿಲ್ಲ.

ಕುವೈತ್ ಕನ್ನಡಿಗ

ಸ್ಯಾಲಿ ವಿಷಯ ನಿಜಕ್ಕೂ ಸಾಬೀತಾಗಿದೆಯಾ? ಅದು ರಾಜಕೀಯ ವಿರೋಧಿಗಳು ಹಬ್ಬಿಸಿದ ಗಾಳಿಮಾತು ಅಂತ ಎಲ್ಲೋ ಓದಿದ ನೆನಪು.

ಜೀವಶಾಸ್ತ್ರದವಳು

ಇದಕ್ಕೆ ನಾನು ಬರೆಯುತ್ತೇನೆ, ನನ್ನ ಓದಿನ ವಿಷಯ.

ಗಾಳಿಮಾತು ಅಂತ ಶುರುವಾಗಿದ್ದು ಹೌದು. 1802ರ ಸೆಪ್ಟೆಂಬರ್‌ನಲ್ಲಿ ಜೇಮ್ಸ್ ಕ್ಯಾಲೆಂಡರ್ ಎಂಬ ಪತ್ರಕರ್ತ ರಿಚ್ಮಂಡಿನ ಪತ್ರಿಕೆಯೊಂದರಲ್ಲಿ ಇದನ್ನು ಬರೆದ. ಅವನು ಒಳ್ಳೆಯ ಉದ್ದೇಶದವನಲ್ಲ. ಮೊದಲು ಇದೇ ಜೆಫರ್ಸನ್‌ನಿಂದ ಹಣ ಪಡೆದು ಎದುರಾಳಿಯಾಗಿದ್ದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ವಿರುದ್ಧ ಬರೆದವನು. ಕೇಳಿದ ಪೋಸ್ಟ್‌ಮಾಸ್ಟರ್ ಹುದ್ದೆ ಸಿಗದಿದ್ದಾಗ ತಿರುಗಿಬಿದ್ದ. ಜೆಫರ್ಸನ್ ಅದಕ್ಕೆ ಬಹಿರಂಗವಾಗಿ ಉತ್ತರವನ್ನೇ ಕೊಡಲಿಲ್ಲ. 1804ರ ಚುನಾವಣೆಯಲ್ಲಿ 162 ಎಲೆಕ್ಟೋರಲ್ ಮತ (ರಾಜ್ಯಗಳ ಪ್ರತಿನಿಧಿಗಳು ಹಾಕುವ ಮತ) ಪಡೆದು ಗೆದ್ದ, ಎದುರಾಳಿಗೆ ಬಂದಿದ್ದು 14.

ಮೊಮ್ಮಕ್ಕಳು ಬೇರೆ ಕಥೆ ಹೇಳುತ್ತಾ ಬಂದರು. ಸ್ಯಾಲಿಯ ಮಕ್ಕಳ ತಂದೆ ಜೆಫರ್ಸನ್ ಅಲ್ಲ, ಅವನ ತಂಗಿಯ ಮಕ್ಕಳಾದ ಕಾರ್ ಸಹೋದರರಲ್ಲಿ ಒಬ್ಬ ಅಂತ. ನೂರೈವತ್ತು ವರ್ಷ ಹೆಚ್ಚಿನ ಇತಿಹಾಸಕಾರರು ಅದನ್ನೇ ನಂಬಿದರು.

1998ರಲ್ಲಿ ಡಿಎನ್ಎ ಪರೀಕ್ಷೆ ಆಯಿತು. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಹೆಚ್ಚೇನೂ ಬದಲಾಗದೆ ಹೋಗುತ್ತದೆ. ಜೆಫರ್ಸನ್‌ಗೆ ಮದುವೆಯ ಹೆಂಡತಿಯಲ್ಲಿ ಬದುಕುಳಿದ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಅವನ ಚಿಕ್ಕಪ್ಪ-ದೊಡ್ಡಪ್ಪಂದಿರ ಕಡೆಯಿಂದ, ಫೀಲ್ಡ್ ಜೆಫರ್ಸನ್ ಎಂಬವನ ಗಂಡುಸಂತಾನದವರ ರಕ್ತ ತೆಗೆದುಕೊಂಡರು. ಸ್ಯಾಲಿಯ ಕೊನೆಯ ಮಗ ಎಸ್ಟನ್‌ನ ಗಂಡುಸಂತಾನದ ಒಬ್ಬ ವಂಶಜನ ರಕ್ತದ ಜೊತೆ ಹೋಲಿಸಿದರು. ಹೊಂದಿತು. ಕಾರ್ ಮನೆತನದ್ದು ಹೊಂದಲಿಲ್ಲ. ಮೊಮ್ಮಕ್ಕಳು ಹೇಳುತ್ತಿದ್ದ ಕಥೆ ಎಸ್ಟನ್ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಒಂದು ಎಚ್ಚರಿಕೆ. ಈ ಪರೀಕ್ಷೆ ಹೇಳುವುದು "ಜೆಫರ್ಸನ್ ಮನೆತನದ ಒಬ್ಬ ಗಂಡಸು" ಅಂತ ಮಾತ್ರ. ಥಾಮಸ್ ಅಂತ ಬೆರಳು ತೋರಿಸುವುದಿಲ್ಲ. ತಮ್ಮ ರ‍್ಯಾಂಡಾಲ್ಫ್ ಇರಬಹುದು ಅಂತ ಈಗಲೂ ವಾದಿಸುವವರಿದ್ದಾರೆ. ಆದರೆ ಬೇರೆ ಸಾಕ್ಷಿಗಳನ್ನು ಸೇರಿಸಿ ನೋಡಿ. ಜೆಫರ್ಸನ್ ತಿಂಗಳುಗಟ್ಟಲೆ ಊರಿನಲ್ಲಿ ಇರುತ್ತಿರಲಿಲ್ಲ. ಆದರೂ ಸ್ಯಾಲಿಗೆ ಒಂದೊಂದು ಗರ್ಭ ನಿಂತ ಕಾಲಕ್ಕೂ ಮಾಂಟಿಚೆಲ್ಲೊದಲ್ಲೇ ಇದ್ದ. ಅವಳ ಬದುಕುಳಿದ ನಾಲ್ಕೂ ಮಕ್ಕಳು ಬಿಡುಗಡೆಯಾದರು. ಅಲ್ಲಿನ ಬೇರೆ ಯಾವ ತಾಯಿಯ ಮಕ್ಕಳಿಗೂ ಪೂರ್ತಿ ಅಂಥ ಭಾಗ್ಯ ಸಿಗಲಿಲ್ಲ. ಮಗ ಮ್ಯಾಡಿಸನ್ 1873ರಲ್ಲಿ ಓಹಾಯೋದ ಪತ್ರಿಕೆಗೆ ತನ್ನ ತಂದೆ ಯಾರು ಅಂತ ಸ್ಪಷ್ಟವಾಗಿ ಹೇಳಿದ. ಮಾಂಟಿಚೆಲ್ಲೊ ನಡೆಸುವ ಪ್ರತಿಷ್ಠಾನ 2000ದಲ್ಲಿ ಇವೆಲ್ಲವನ್ನೂ ಪರಿಶೀಲಿಸಿ, ಎಸ್ಟನ್ ತಂದೆ ಜೆಫರ್ಸನ್ ಆಗಿರುವ ಸಾಧ್ಯತೆ ತುಂಬಾ ಹೆಚ್ಚು, ಉಳಿದ ಮಕ್ಕಳಿಗೂ ಅವನೇ ತಂದೆಯಾಗಿರಬಹುದು ಎಂದು ವರದಿ ಕೊಟ್ಟಿತು.

ಶಿರಸಿ ಹುಡುಗಿ

ಅಕ್ಕ, ಒಂದು ಮಾತು. ಇದನ್ನು "ಪ್ರೇಮಕಥೆ" ಅಂತ ಬರೆದಿದ್ದನ್ನು ನಾನು ಬೇಕಾದಷ್ಟು ಕಡೆ ನೋಡಿದ್ದೇನೆ. ಓದಿದಾಗಲೆಲ್ಲ ಸಂಕಟ ಆಗುತ್ತದೆ. ಆಕೆಗೆ ಆಗ ಎಷ್ಟು ವಯಸ್ಸು?

ವರ್ಜೀನಿಯಾ ಕನ್ನಡತಿ

ಪ್ಯಾರಿಸ್‌ಗೆ ಹೋದಾಗ 14. ಜೆಫರ್ಸನ್‌ಗೆ 44.

ಪೂರ್ತಿ ಹೇಳುತ್ತೇನೆ. ಮಾವ ಜಾನ್ ವೇಲ್ಸ್‌ಗೆ ತನ್ನ ಗುಲಾಮಳಾಗಿದ್ದ ಎಲಿಜಬೆತ್ ಹೆಮಿಂಗ್ಸ್‌ಳಲ್ಲಿ ಹುಟ್ಟಿದ ಮಗಳು ಸ್ಯಾಲಿ. ಅಂದರೆ ಜೆಫರ್ಸನ್ ಹೆಂಡತಿ ಮಾರ್ಥಾಗೆ ಆಕೆ ಮಲತಂಗಿ. ಅಕ್ಕ ಯಜಮಾನತಿ, ತಂಗಿ ಗುಲಾಮಳು, ಒಂದೇ ಮನೆಯಲ್ಲಿ. ಮಾರ್ಥಾ 1782ರಲ್ಲಿ ತೀರಿಕೊಂಡಳು. ಎರಡು ವರ್ಷದ ಮೇಲೆ ಜೆಫರ್ಸನ್ ಫ್ರಾನ್ಸಿಗೆ ಹೋದ, ಮುಂದೆ ಅಲ್ಲಿ ಅಮೆರಿಕದ ರಾಯಭಾರಿಯಾದ. 1787ರಲ್ಲಿ ಚಿಕ್ಕ ಮಗಳು ಪಾಲಿಯನ್ನು ಕರೆಸಿಕೊಂಡಾಗ ಜೊತೆಗೆ ಬಂದವಳು ಸ್ಯಾಲಿ. ಆಕೆಯ ಅಣ್ಣ ಜೇಮ್ಸ್ ಆಗಲೇ ಅಲ್ಲಿ ಫ್ರೆಂಚ್ ಅಡುಗೆ ಕಲಿಯುತ್ತಿದ್ದ.

ಫ್ರಾನ್ಸಿನಲ್ಲಿ ಕೋರ್ಟಿಗೆ ಅರ್ಜಿ ಹಾಕಿದರೆ ಗುಲಾಮರಿಗೆ ಬಿಡುಗಡೆ ಸಿಗುತ್ತಿತ್ತು. 1789ರಲ್ಲಿ ಜೆಫರ್ಸನ್ ವಾಪಸ್ ಹೊರಟಾಗ ಸ್ಯಾಲಿ ಬರುವುದಿಲ್ಲ ಅಂದಳಂತೆ. ಆಗ ಆಕೆ ಗರ್ಭಿಣಿ. ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ನಿನಗೆ ಹುಟ್ಟುವ ಮಕ್ಕಳಿಗೆ 21 ತುಂಬಿದಾಗ ಬಿಡುಗಡೆ ಕೊಡುತ್ತೇನೆ ಅಂತ ಅವನು ಮಾತು ಕೊಟ್ಟ ಮೇಲೆ ಬಂದಳು. ಇದು ಮಗ ಮ್ಯಾಡಿಸನ್ ಹೇಳಿದ್ದು. 16ರ ಹುಡುಗಿ, ಪರದೇಶದಲ್ಲಿ, ತನ್ನನ್ನು ಕೊಳ್ಳಬಲ್ಲ, ಮಾರಬಲ್ಲ ಯಜಮಾನನ ಜೊತೆ ಇಷ್ಟು ಮಾತಾಡಿ ಮುಂದಿನ ಮಕ್ಕಳಿಗೆ ಬಿಡುಗಡೆ ಗಳಿಸಿದಳು. ನನಗೆ ಆಕೆಯ ಬಗ್ಗೆ ತುಂಬಾ ಗೌರವ ಇದೆ. ಆದರೆ ಬೇಡ ಅನ್ನುವ ಹಕ್ಕೇ ಇಲ್ಲದ ಕಡೆ ಪ್ರೀತಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆಕೆ ಬರೆದ ಒಂದು ಸಾಲೂ ಉಳಿದಿಲ್ಲ. ಚಿತ್ರವೂ ಇಲ್ಲ. ಜೆಫರ್ಸನ್ ಬರೆದ ಪತ್ರಗಳು ಸಾವಿರಾರು ಇವೆ.

ಶ್ರೀರಂಗಪಟ್ಟಣದವನು

ಇಲ್ಲೊಂದು ವಿಷಯ ಸೇರಿಸಬೇಕು. 1788ರಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿದ್ದರು. ಆಗಸ್ಟ್‌ನಲ್ಲಿ ವರ್ಸೈ ಅರಮನೆಯಲ್ಲಿ 16ನೇ ಲೂಯಿ ಅವರನ್ನು ಬರಮಾಡಿಕೊಂಡ. ಇಂಗ್ಲಿಷರ ವಿರುದ್ಧ ಸೈನ್ಯದ ಸಹಾಯ ಕೇಳಲು ಹೋದವರು, ಅದು ಸಿಗಲಿಲ್ಲ. ಅದೇ ಹೊತ್ತಿಗೆ ಜೆಫರ್ಸನ್ ಪ್ಯಾರಿಸ್‌ನಲ್ಲಿದ್ದ, ಸ್ಯಾಲಿ ಮತ್ತು ಜೇಮ್ಸ್ ಕೂಡ ಇದ್ದರು. ಮೈಸೂರಿನ ರಾಯಭಾರಿಗಳನ್ನು ನೋಡಲು ಇಡೀ ಪ್ಯಾರಿಸ್ ಮುಗಿಬಿದ್ದಿತ್ತು.

ಧಾರವಾಡ ಮಾಸ್ತರ

ಎಲ್ಲವನ್ನೂ ಗಮನವಿಟ್ಟು ಓದಿದೆ. ಕೋಲ್ಸ್ ಪತ್ರದ ವಿಷಯ ಭಾರವಾದದ್ದು, ಅದಕ್ಕೆ ನನ್ನಲ್ಲಿ ಎದುರುತ್ತರ ಇಲ್ಲ. ಆದರೂ ಒಂದನ್ನು ನಾನು ಬಿಟ್ಟುಕೊಡುವುದಿಲ್ಲ.

ಆ ಘೋಷಣೆ ಬರದಿದ್ದರೆ ಗುಲಾಮರ ಕೈಗೆ ವಾದವೇ ಸಿಗುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಅವರಿಗೆ ಸ್ವಾತಂತ್ರ್ಯ ಬೇಕು ಎನ್ನುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಆದರೆ ಅದನ್ನು ದೇಶದ ಮೊದಲ ದಾಖಲೆಯಲ್ಲೇ ಬರೆದಿಟ್ಟದ್ದರಿಂದ, ಕೇಳುವವನು ಭಿಕ್ಷೆ ಕೇಳುವಂತೆ ಕೇಳಬೇಕಾಗಲಿಲ್ಲ. ಬೆಂಜಮಿನ್ ಬ್ಯಾನೆಕರ್ ಅಂತ ಮೇರಿಲ್ಯಾಂಡಿನ ಕಪ್ಪು ಜನಾಂಗದ ಒಬ್ಬ ಸ್ವತಂತ್ರ ಮನುಷ್ಯ ಇದ್ದರು. ತಾವೇ ಗಣಿತ, ಖಗೋಳ ಕಲಿತು ಪಂಚಾಂಗ ಬರೆದವರು. 1791ರಲ್ಲಿ ಅದರ ಪ್ರತಿಯ ಜೊತೆ ಜೆಫರ್ಸನ್‌ಗೆ ಪತ್ರ ಕಳಿಸಿದರು. ನೀವೇ ಬರೆದ ಮಾತುಗಳು ಇವು, ಹಾಗಿದ್ದೂ ನನ್ನ ಸಹೋದರರನ್ನು ಹೇಗೆ ಹಿಡಿದಿಟ್ಟುಕೊಂಡಿದ್ದೀರಿ ಎಂದು ಕೇಳಿದರು. ಜೆಫರ್ಸನ್ ಮರ್ಯಾದೆಯಿಂದ ಉತ್ತರ ಕೊಟ್ಟು, ಪಂಚಾಂಗವನ್ನು ಪ್ಯಾರಿಸ್‌ನ ವಿದ್ವಾಂಸ ಕಾಂಡೋರ್ಸೆಗೆ ಕಳಿಸಿದರು. 1848ರಲ್ಲಿ ಸಮಾನ ಹಕ್ಕು ಕೇಳಲು ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ ಸೇರಿದ ಹೆಣ್ಣುಮಕ್ಕಳೂ ಅದೇ ಘೋಷಣೆಯ ಅಚ್ಚಿನಲ್ಲಿ ತಮ್ಮ ಬೇಡಿಕೆ ಬರೆದರು. ಇಷ್ಟು ಕೆಲಸ ಮಾಡಿದ ಬರಹವನ್ನು ಬರೆದವರ ತಪ್ಪಿಗಾಗಿ ಚಿಕ್ಕದು ಮಾಡಬಾರದು.

ಜೀವಶಾಸ್ತ್ರದವಳು

ಮಾಸ್ತರರೇ, ಬರಹದ ಬಗ್ಗೆ ನೀವು ಹೇಳಿದ್ದು ನನಗೂ ಒಪ್ಪಿಗೆ. ಆದರೆ ಬ್ಯಾನೆಕರ್ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. 1809ರಲ್ಲಿ, ಬ್ಯಾನೆಕರ್ ತೀರಿಕೊಂಡ ಮೇಲೆ, ಜೆಫರ್ಸನ್ ಗೆಳೆಯ ಜೋಯೆಲ್ ಬಾರ್ಲೊಗೆ ಒಂದು ಪತ್ರ ಬರೆದ. ಆ ಪಂಚಾಂಗಕ್ಕೆ ಬೇರೆಯವರ ಸಹಾಯ ಇದ್ದಿರಬಹುದು, ಅವನ ಬುದ್ಧಿ ತೀರಾ ಸಾಧಾರಣ ಅನ್ನುವ ಧಾಟಿಯಲ್ಲಿ. ಎದುರಿಗೆ ಮರ್ಯಾದೆ, ಹಿಂದೆ ಈ ಮಾತು. ವರ್ಜೀನಿಯಾ ಬಗ್ಗೆ ಬರೆದ ಪುಸ್ತಕದಲ್ಲಂತೂ, ಕಪ್ಪು ಜನ ಬುದ್ಧಿಯಲ್ಲಿ ಕಡಿಮೆ ಇರಬಹುದೆಂಬ ಅನುಮಾನವನ್ನು ವಿಜ್ಞಾನದ ಹೆಸರಿನಲ್ಲಿ ಅಚ್ಚು ಹಾಕಿಸಿದ. ಮುಂದೆ ಗುಲಾಮಗಿರಿಯನ್ನು ಸಮರ್ಥಿಸಿದವರಿಗೆ ಆ ಪುಟಗಳು ಬೇಕಾದಷ್ಟು ಉಪಯೋಗಕ್ಕೆ ಬಂದವು. ಅದೇ ಪುಸ್ತಕದಲ್ಲಿ, ದೇವರು ನ್ಯಾಯವಂತ ಎಂದು ನೆನೆದಾಗ ನನ್ನ ದೇಶಕ್ಕಾಗಿ ನಡುಗುತ್ತೇನೆ ಅಂತಲೂ ಬರೆದಿದ್ದಾನೆ. ತಪ್ಪು ಅಂತ ಗೊತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಕರಾವಳಿ ವಕೀಲ

ಇನ್ನೊಂದು ಸಾಕ್ಷಿ ಇದೆ, ಓದಲು ಕಷ್ಟವಾಗುತ್ತದೆ. 1820ರಲ್ಲಿ ಅಳಿಯ ಜಾನ್ ಎಪ್ಪಿಸ್‌ಗೆ ಬರೆದ ಪತ್ರ. ಎರಡು ವರ್ಷಕ್ಕೊಂದು ಮಗು ಹೆರುವ ಹೆಂಗಸು ಹೊಲದ ಅತಿ ಒಳ್ಳೆಯ ಗಂಡಾಳಿಗಿಂತ ಲಾಭದವಳು ಅಂತ ಲೆಕ್ಕ ಹೇಳುತ್ತಾನೆ. ಅದೇ ವರ್ಷ ಇನ್ನೊಬ್ಬರಿಗೆ ಬರೆಯುತ್ತಾ, ಗುಲಾಮಗಿರಿ ಅಂದರೆ ತೋಳದ ಕಿವಿ ಹಿಡಿದಂತೆ, ಹಿಡಿದಿರಲೂ ಆಗದು ಬಿಡಲೂ ಆಗದು ಅಂದ. ಎರಡೂ ಒಂದೇ ಕೈಯಿಂದ, ಒಂದೇ ವರ್ಷ ಬಂದದ್ದು.

ಸಾಲದ ಬಗ್ಗೆಯೂ ಹೇಳಿಬಿಡುತ್ತೇನೆ. ಸಾಲ ಬರೀ ಮಾವನಿಂದ ಬಂದದ್ದಲ್ಲ. ಗೆಳೆಯ ನಿಕೋಲಸ್‌ನ 20,000 ಡಾಲರ್ ಸಾಲಕ್ಕೆ ಜಾಮೀನು ನಿಂತು ಮುಳುಗಿದ್ದು ಒಂದು, ಅದು ಪಾಪ ಅನ್ನಬಹುದು. ಆದರೆ ಫ್ರೆಂಚ್ ವೈನ್, ಪುಸ್ತಕ, ಕೆಡವಿ ಮತ್ತೆ ಮತ್ತೆ ಕಟ್ಟಿದ ಮನೆ, ಇವೂ ಇದ್ದವು. ಆ ಖರ್ಚಿಗೆಲ್ಲ ಅಡವಾಗಿದ್ದವರು ಮನುಷ್ಯರು. ಮಾಂಟಿಚೆಲ್ಲೊದ ಮೊಳೆ ಕಾರ್ಖಾನೆಯಲ್ಲಿ ದುಡಿದವರು 10ರಿಂದ 16 ವರ್ಷದ ಹುಡುಗರು.

ಕುವೈತ್ ಕನ್ನಡಿಗ

ಅವನು ಸತ್ತ ಮೇಲೆ ಏನಾಯಿತು?

ವರ್ಜೀನಿಯಾ ಕನ್ನಡತಿ

ಜೆಫರ್ಸನ್ ತೀರಿಕೊಂಡಿದ್ದು 1826ರ ಜುಲೈ 4. ಘೋಷಣೆಗೆ ಸರಿಯಾಗಿ 50 ವರ್ಷ. ಜಾನ್ ಆಡಮ್ಸ್ ಕೂಡ ಅದೇ ದಿನ ಹೋದರು. ದೇಶಕ್ಕೆ ದೇಶವೇ ಇದು ದೇವರ ಲೀಲೆ ಅಂದುಕೊಂಡಿತು. ಎಲ್ಲ ಪುಸ್ತಕಗಳಲ್ಲೂ ಇದು ಇರುತ್ತದೆ.

1827ರ ಜನವರಿ ಮಾತ್ರ ಕಡಿಮೆ ಪುಸ್ತಕಗಳಲ್ಲಿ ಸಿಗುತ್ತದೆ. ಸಾಲ ಒಂದು ಲಕ್ಷ ಡಾಲರ್ ದಾಟಿತ್ತು. ಮಾಂಟಿಚೆಲ್ಲೊದಲ್ಲಿ ಕುರ್ಚಿ, ಮೇಜು, ದನಗಳ ಜೊತೆ 130 ಜನರನ್ನು ಹರಾಜಿಗೆ ಇಟ್ಟರು.

ಜೋಸೆಫ್ ಫಾಸೆಟ್ ಅಂತ ಅಲ್ಲಿಯ ಕಮ್ಮಾರ. ಉಯಿಲಿನಲ್ಲಿ ಬಿಡುಗಡೆಯಾದ ಐವರಲ್ಲಿ ಒಬ್ಬ. ಆದರೆ ಅವನ ಹೆಂಡತಿ ಎಡಿತ್ ಹೆಸರು ಉಯಿಲಿನಲ್ಲಿ ಇರಲಿಲ್ಲ, ಮಕ್ಕಳದ್ದೂ ಇಲ್ಲ. ಎಡಿತ್ ಯಾರು ಗೊತ್ತಾ? ಜೆಫರ್ಸನ್ ಅಧ್ಯಕ್ಷನಾಗಿದ್ದಾಗ ವಾಷಿಂಗ್ಟನ್‌ನಲ್ಲಿ ಅವನ ಅಡುಗೆಮನೆಯಲ್ಲಿ ಫ್ರೆಂಚ್ ಅಡುಗೆ ಕಲಿತು, ಆಮೇಲೆ ಮಾಂಟಿಚೆಲ್ಲೊದ ಮುಖ್ಯ ಅಡುಗೆಯವಳಾಗಿದ್ದವಳು. ವರ್ಷಗಟ್ಟಲೆ ಅವನಿಗೂ ಅವನ ಅತಿಥಿಗಳಿಗೂ ಊಟ ಹಾಕಿದ ಕೈ. ಎಡಿತ್ ಮತ್ತು ಮಕ್ಕಳು ಹರಾಜಿನಲ್ಲಿ ಬೇರೆ ಬೇರೆಯವರ ಪಾಲಾದರು. ಜೋಸೆಫ್ ಮುಂದೆ ದುಡಿದು ಹೆಂಡತಿಯನ್ನೂ ಕೆಲವು ಮಕ್ಕಳನ್ನೂ ಬಿಡಿಸಿಕೊಂಡ. ಪೀಟರ್ ಎಂಬ ಮಗನಿಗೆ ಆಗ 11 ವರ್ಷ. ಅವನನ್ನು ಕೊಂಡವನು ಅವನನ್ನು ಮತ್ತೆ ಮಾರಲು ಒಪ್ಪಲಿಲ್ಲ. ಅವನಿಗೆ ಬಿಡುಗಡೆ ಸಿಗಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಆಮೇಲೆ ಸಿನ್ಸಿನಾಟಿಯಲ್ಲಿ ಬ್ಯಾಪ್ಟಿಸ್ಟ್ ಪಾದ್ರಿಯಾದ. ಓಡಿಬಂದ ಗುಲಾಮರನ್ನು ದಾಟಿಸುವ ಕೆಲಸದಲ್ಲೂ ಇದ್ದ. 1900ರಲ್ಲಿ, ಮುದುಕನಾಗಿ, ಮಾಂಟಿಚೆಲ್ಲೊ ನೋಡಲು ಒಮ್ಮೆ ಹೋಗಿಬಂದ.

ಉಯಿಲಿನಲ್ಲಿ ಒಂದು ಹೆಸರು ಸೇರಿಸಲು ಆಗದಷ್ಟು ಕಷ್ಟ ಏನಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸ್ಯಾಲಿಯ ಹೆಸರೂ ಉಯಿಲಿನಲ್ಲಿಲ್ಲ. ಜೆಫರ್ಸನ್‌ನ ಮಗಳು ಆಕೆಯನ್ನು ಹಾಗೇ ಹೋಗಲು ಬಿಟ್ಟಳು. 1835ರಲ್ಲಿ ಸಾಯುವವರೆಗೆ ಆಕೆ ಷಾರ್ಲಟ್ಸ್‌ವಿಲ್‌ನಲ್ಲಿ ಮಕ್ಕಳ ಜೊತೆ ಇದ್ದಳು.

ಶಿರಸಿ ಹುಡುಗಿ

ಪ್ರತಿಮೆಗಳನ್ನು ತೆಗೆಯಬೇಕಾ? 2021ರಲ್ಲಿ ನ್ಯೂಯಾರ್ಕ್ ನಗರಸಭೆಯ ಸಭಾಂಗಣದಿಂದ ಇವನ ಪ್ರತಿಮೆ ತೆಗೆದರಲ್ಲ?

ಧಾರವಾಡ ಮಾಸ್ತರ

ಕಾನೂನು ಮಾಡುವ ಸಭೆಯಲ್ಲಿ ಯಾರ ಪ್ರತಿಮೆ ಎದುರು ಕೂರಬೇಕು ಅಂತ ಅಲ್ಲಿ ಕೂರುವವರೇ ನಿರ್ಧಾರ ಮಾಡಲಿ. ಅದನ್ನು ತೆಗೆದು ಮ್ಯೂಸಿಯಂಗೆ ಕಳಿಸಿದ್ದಾರೆ, ಒಡೆದು ಹಾಕಿಲ್ಲ. ನನಗದು ಸರಿ ಅನ್ನಿಸುತ್ತದೆ. ಪಾಠದಿಂದ ತೆಗೆದರೆ ಮಾತ್ರ ನಾನು ಜಗಳಕ್ಕೆ ಬರುತ್ತೇನೆ. ಘೋಷಣೆಯನ್ನೂ ಕೋಲ್ಸ್ ಪತ್ರವನ್ನೂ ಒಂದೇ ದಿನ ಓದಿಸಬೇಕು. ತಂಗಿ, ಮಾಂಟಿಚೆಲ್ಲೊದಲ್ಲಿ ಈಗ ಇದನ್ನೆಲ್ಲ ಹೇಳುತ್ತಾರೆಯೇ? ಸ್ಯಾಲಿಯ ಮಕ್ಕಳು ಏನಾದರು?

ವರ್ಜೀನಿಯಾ ಕನ್ನಡತಿ

ಹೇಳುತ್ತಾರೆ, ಮುಚ್ಚುಮರೆ ಇಲ್ಲದೆ. ಅಲ್ಲಿದ್ದ ಗುಲಾಮರ ವಂಶಜರನ್ನು ಹುಡುಕಿ ಅವರ ಮನೆಯ ನೆನಪುಗಳನ್ನು ದಾಖಲು ಮಾಡುವ ಕೆಲಸ 1993ರಲ್ಲೇ ಶುರುವಾಯಿತು. 2018ರಿಂದ ಸ್ಯಾಲಿಯ ಬದುಕಿಗಾಗಿಯೇ ಒಂದು ಕೋಣೆ ಇದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ದೊಡ್ಡ ಮನೆ ನೋಡಿ ವಾಪಸ್ ಬಂದುಬಿಡಬೇಡಿ. ಮಲ್ಬೆರಿ ಸಾಲಿನಲ್ಲಿ, ಗುಲಾಮರ ಗುಡಿಸಲು ಮತ್ತು ಕಾರ್ಖಾನೆಗಳಿದ್ದ ಕಡೆ, ಪೂರ್ತಿ ನಡೆದು ನೋಡಿ. ಗುಲಾಮರ ಬಗ್ಗೆಯೇ ಬೇರೆ ಟೂರ್ ಇದೆ, ಅದಕ್ಕೆ ಸೇರಿಕೊಳ್ಳಿ.

ಮಕ್ಕಳ ವಿಷಯ. ಬೆವರ್ಲಿ ಮತ್ತು ಹ್ಯಾರಿಯೆಟ್ 1822ರ ಸುಮಾರಿಗೆ ಮಾಂಟಿಚೆಲ್ಲೊ ಬಿಟ್ಟು ಹೋದರು. ಜೆಫರ್ಸನ್ ಅವರಿಬ್ಬರನ್ನು ಹುಡುಕಿಸಲಿಲ್ಲ. ಇಬ್ಬರ ಬಣ್ಣವೂ ಬಿಳಿ. ಬಿಳಿಯರ ನಡುವೆ ಮದುವೆಯಾಗಿ, ತಾಯಿ ಯಾರೆಂಬುದನ್ನು ಮುಚ್ಚಿಟ್ಟು ಬದುಕಿದರು. ಎಸ್ಟನ್ ಮೊದಲು ಓಹಾಯೋದಲ್ಲಿದ್ದ, 1852ರಲ್ಲಿ ವಿಸ್ಕಾನ್ಸಿನ್‌ಗೆ ಹೋಗಿ ಜೆಫರ್ಸನ್ ಅಂತ ಹೆಸರು ಇಟ್ಟುಕೊಂಡು ಅವನೂ ಬಿಳಿಯರಲ್ಲಿ ಸೇರಿಹೋದ. ಅವನ ಮಗ ಜಾನ್ ವೇಲ್ಸ್ ಜೆಫರ್ಸನ್ ಅಂತರ್ಯುದ್ಧದಲ್ಲಿ ಲಿಂಕನ್ ಕಡೆಯ ವಿಸ್ಕಾನ್ಸಿನ್ ದಳದ ಕರ್ನಲ್ ಆದ. ಹಳೆಯ ಪರಿಚಯದವರೊಬ್ಬರು ಸಿಕ್ಕಾಗ, ನನ್ನ ಮೂಲ ಇಲ್ಲಿ ಯಾರಿಗೂ ಹೇಳಬೇಡಿ ಅಂತ ಬೇಡಿಕೊಂಡನಂತೆ.

ಮ್ಯಾಡಿಸನ್ ಮಾತ್ರ ಓಹಾಯೋದಲ್ಲೇ ಉಳಿದ. ಬಡಗಿ ಕೆಲಸ ಮಾಡುತ್ತಾ, ಕಪ್ಪು ಜನರ ನಡುವೆಯೇ ಬದುಕಿದ. 68ನೇ ವಯಸ್ಸಿನಲ್ಲಿ ಪತ್ರಿಕೆಯವರು ಕೇಳಿದಾಗ ತಾಯಿಯ ಹೆಸರು, ತಂದೆಯ ಹೆಸರು, ಪ್ಯಾರಿಸ್‌ನ ಮಾತುಕತೆ ಎಲ್ಲವನ್ನೂ ಹೇಳಿದ. ಜೆಫರ್ಸನ್ ತಮ್ಮನ್ನು ದಯೆಯಿಂದಲೇ ನಡೆಸಿಕೊಂಡರೂ ಮಕ್ಕಳೆಂಬ ಮಮತೆ ತೋರಿಸುತ್ತಿರಲಿಲ್ಲ, ಅದೆಲ್ಲ ಬಿಳಿ ಮೊಮ್ಮಕ್ಕಳಿಗೆ ಇತ್ತು ಅಂತಲೂ ಹೇಳಿದ್ದಾನೆ. ಆಗ ಹೆಚ್ಚಿನವರು ನಂಬಲಿಲ್ಲ. ಆ ಹೇಳಿಕೆ ಇವತ್ತು ಯಾರು ಬೇಕಾದರೂ ಓದಬಹುದು, ಉದ್ದವೇನೂ ಇಲ್ಲ. ಮಾಸ್ತರರೇ, ನಿಮ್ಮ ಪಾಠಕ್ಕೆ ಕೋಲ್ಸ್ ಪತ್ರದ ಜೊತೆ ಇದನ್ನೂ ಸೇರಿಸಿಕೊಳ್ಳಿ.